572101: ತುಮಕೂರಿನ ಪಿನ್ ಕೋಡನ್ನು ಕಾಗದದ ಮೇಲೆ ಬಿಡಿಸುವ ಬಗೆ

ತುಮಕೂರು ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 572101. ಅಂಚೆಯ ಗುರುತು ಅನ್ನುವುದನ್ನು ಸ್ವಲ್ಪ ಹೊತ್ತು ಮರೆತು, ಇದನ್ನು ಬರಿಯ ಪೂರ್ಣ ಸಂಖ್ಯೆ ಅಂತ ನೋಡಿ: ಐದು ಲಕ್ಷದ ಎಪ್ಪತ್ತೆರಡು ಸಾವಿರದ ನೂರ ಒಂದು. ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ನಾಲ್ಕು ಬೇರೆ ಬೇರೆ ರೀತಿಯಲ್ಲಿ ಬರೆಯಲು ಬರುತ್ತದೆ.

751² + 90²
705² + 274²
625² + 426²
351² + 670²

ಐದನೆಯದು ಇಲ್ಲ. ಈಗ ಕೋಲಾರದ ಪಿನ್ ಕೋಡ್ 563101 ತೆಗೆದುಕೊಳ್ಳಿ. ಅದೂ 101ರಲ್ಲೇ ಮುಗಿಯುತ್ತದೆ. ಎರಡರ ಅಂಕಿಗಳನ್ನು ಕೂಡಿದರೂ 16. ನಾಲ್ಕರಿಂದ ಭಾಗಿಸಿದರೆ ಎರಡಕ್ಕೂ 1 ಶೇಷ, ಎಂಟರಿಂದ ಭಾಗಿಸಿದರೆ ಎರಡಕ್ಕೂ 5 ಶೇಷ. ಹೊರನೋಟಕ್ಕೆ ಅಣ್ಣ ತಮ್ಮಂದಿರ ಹಾಗಿವೆ. ಆದರೆ 563101 ಅನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲೂ ಬರೆಯಲಾಗದು. ಈ ವ್ಯತ್ಯಾಸ ಎಲ್ಲಿಂದ ಬಂತು, ಅದನ್ನು ಪೆನ್ನು ಕಾಗದದಲ್ಲೇ ಕಂಡುಕೊಳ್ಳುವುದು ಹೇಗೆ ಎನ್ನುವುದೇ ಈ ಬರಹ.

ಬೇಕಾಗುವುದು ಇಷ್ಟು: ಒಂದೆರಡು ಹಾಳೆ, 30ರವರೆಗಿನ ವರ್ಗಗಳು ಬಾಯಿಗೆ ಬರುವುದು, 100ರೊಳಗಿನ ಅವಿಭಾಜ್ಯಗಳ ಪಟ್ಟಿ. ಕ್ಯಾಲ್ಕ್ಯುಲೇಟರ್ ಇದ್ದರೆ ತಾಳೆ ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಎಂಟು ಅಂಕಿಯ ಸಾದಾ ಯಂತ್ರ ಸಾಕು.

ಪಿನ್ ಕೋಡ್ ವ್ಯವಸ್ಥೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ವಿಂಗಡಣಾ ಜಿಲ್ಲೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿ. ಹಾಗಾಗಿ ಮುಂದೆ ಕಾಣುವ ಗುಣಗಳು ಊರಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಸಂಖ್ಯೆಯ ಬಗ್ಗೆ ಮಾತ್ರ ಹೇಳುತ್ತವೆ. ಪಿನ್ ಕೋಡನ್ನೇ ಆರಿಸಿದ್ದಕ್ಕೆ ಕಾರಣ ಅದರ ಗಾತ್ರ. ಆರಂಕಿ ಸಂಖ್ಯೆ ಕೈಲೆಕ್ಕಕ್ಕೆ ಸಿಗುವಷ್ಟು ಚಿಕ್ಕದು, ಕಣ್ಣಳತೆಗೆ ಸಿಗದಷ್ಟು ದೊಡ್ಡದು.

ಮೊದಲು ಅಪವರ್ತನ

572101ರ ವರ್ಗಮೂಲ 756 ಮತ್ತು 757ರ ನಡುವೆ ಬರುತ್ತದೆ (756² = 571536, 757² = 573049). ಆದ್ದರಿಂದ ಇದು ಅವಿಭಾಜ್ಯ ಅಲ್ಲದಿದ್ದರೆ 756ರೊಳಗಿನ ಯಾವುದಾದರೂ ಅವಿಭಾಜ್ಯ ಇದನ್ನು ಭಾಗಿಸಲೇಬೇಕು. 756ರೊಳಗೆ 133 ಅವಿಭಾಜ್ಯಗಳಿವೆ. ಅಷ್ಟನ್ನೂ ಪ್ರಯತ್ನಿಸಬೇಕಾಗಿ ಬರುವುದಿಲ್ಲ, ಹೆದರಬೇಡಿ.

2, 5 ಆಗದು, ಕೊನೆಯ ಅಂಕಿ 1. ಅಂಕಿ ಮೊತ್ತ 16, ಹಾಗಾಗಿ 3 ಕೂಡ ಆಗದು. 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು, ಏಕೆಂದರೆ 7 × 11 × 13 = 1001. ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಸೀಳಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ: 572 − 101 = 471. ಈ 471 ಅನ್ನು 7 ಭಾಗಿಸಿದರೆ 2 ಉಳಿಯುತ್ತದೆ, 11 ಭಾಗಿಸಿದರೆ 9, 13 ಭಾಗಿಸಿದರೆ 3. ಮೂರೂ ಹೋದವು.

ಇನ್ನು 17. ಕೊನೆಯ ಅಂಕಿಯನ್ನು ಕಿತ್ತು, ಅದರ ಐದರಷ್ಟನ್ನು ಉಳಿದ ಭಾಗದಿಂದ ಕಳೆಯುತ್ತಾ ಹೋಗಬೇಕು:

57210 − 5 = 57205
5720 − 25 = 5695
569 − 25 = 544
54 − 20 = 34

34 ಎಂದರೆ 17ರ ಎರಡರಷ್ಟು. ಸಿಕ್ಕಿತು: 572101 = 17 × 33653.

ಇಲ್ಲಿ ಬಹಳ ಜನ ಎರಡು ತಪ್ಪು ಮಾಡುತ್ತಾರೆ. ಒಂದು, 33653ಕ್ಕೆ ಮತ್ತೆ 2, 3, 5ರಿಂದ ಶುರು ಮಾಡುವುದು. ಮೂಲ ಸಂಖ್ಯೆಯನ್ನು ಭಾಗಿಸದ ಅವಿಭಾಜ್ಯ ಅದರ ತುಂಡನ್ನೂ ಭಾಗಿಸದು, ಆ ಕೆಲಸ ದಂಡ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: 17 ಮುಗಿಯಿತು ಅಂದುಕೊಂಡು ನೇರವಾಗಿ 19ಕ್ಕೆ ಹೋಗುವುದು. 17 ಎರಡನೇ ಸಲವೂ ಹೋಗಬಹುದಿತ್ತು, ಅದನ್ನು ನೋಡಲೇಬೇಕು. ನೋಡಿದರೆ 33653ಕ್ಕೆ ಶೇಷ 10, ಅಂದರೆ ಒಂದೇ ಸಲ.

ಈಗ ಮಿತಿಯೂ ಕೆಳಗಿಳಿಯಿತು. 33653ರ ವರ್ಗಮೂಲ 183 ಚಿಲ್ಲರೆ, 756 ಅಲ್ಲ. 19, 23, 29, 31 ಹೀಗೆ ಒಂದೊಂದನ್ನೂ ಶೇಷದ ಸಮೇತ ಬರೆದಿಟ್ಟುಕೊಳ್ಳುತ್ತಾ ಹೋಗಿ. ಶೇಷ ಬರೆಯದೆ ಬರಿಯ ಅಡ್ಡಗೆರೆ ಎಳೆದರೆ ಮುಂದೆ ತಪ್ಪು ಎಲ್ಲಾಯಿತು ಅಂತ ಹುಡುಕಲು ದಾರಿ ಇರುವುದಿಲ್ಲ. 47ರಲ್ಲಿ 1 ಉಳಿದು ಆಸೆ ಹುಟ್ಟಿಸುತ್ತದೆ, 71ರಲ್ಲಿ 70 ಉಳಿಯುತ್ತದೆ. 73ಕ್ಕೆ ಕೊನೆಯ ಅಂಕಿಯ 22ರಷ್ಟನ್ನು ಉಳಿದ ಭಾಗಕ್ಕೆ ಕೂಡಬೇಕು: 3365 + 66 = 3431, 343 + 22 = 365. ವರ್ಷದ ದಿನಗಳ ಸಂಖ್ಯೆ 73ರ ಐದರಷ್ಟು, ನೆನಪಿಟ್ಟುಕೊಳ್ಳಲು ಸುಲಭ. ಹಾಗಾಗಿ 33653 = 73 × 461. ಈ 461 ಎನ್ನುವುದು 73ರ ವರ್ಗಕ್ಕಿಂತ ಎಷ್ಟೋ ಚಿಕ್ಕದು, 73ರ ಕೆಳಗಿನ ಎಲ್ಲವನ್ನೂ ಆಗಲೇ ತಳ್ಳಿಹಾಕಿ ಆಗಿದೆ, ಆದ್ದರಿಂದ ಅದು ಅವಿಭಾಜ್ಯವೇ.

572101 = 17 × 73 × 461

ಇದು ಕೈಗೆ ಬಂದ ಮೇಲೆ ಪಠ್ಯಪುಸ್ತಕದ ಗುಣಗಳೆಲ್ಲ ಬೇಗ ಬರುತ್ತವೆ. ಭಾಜಕಗಳು ಎಂಟು: 1, 17, 73, 461, 1241, 7837, 33653, 572101. ಅವುಗಳ ಮೊತ್ತ 18 × 74 × 462 = 615384. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 43283 ಮಾತ್ರ, ಅಂದರೆ ನ್ಯೂನ ಸಂಖ್ಯೆ. ತನಗಿಂತ ಚಿಕ್ಕವಾಗಿ, ತನ್ನೊಂದಿಗೆ ಸಹ-ಅವಿಭಾಜ್ಯವಾಗಿರುವ ಸಂಖ್ಯೆಗಳು 16 × 72 × 460 = 529920. 1 ಅನ್ನು 572101ರಿಂದ ಭಾಗಿಸಿ ದಶಮಾಂಶ ಬರೆಯುತ್ತಾ ಹೋದರೆ 1840 ಅಂಕಿಗಳಾದ ಮೇಲೆ ಅದೇ ಸಾಲು ಮರುಕಳಿಸುತ್ತದೆ. 17ರ ಆವರ್ತ 16, 73ರದ್ದು 8, 461ರದ್ದು 460, ಈ ಮೂರರ ಲ.ಸಾ.ಅ. 1840. ಇಷ್ಟು ಸಾಕು. ಈ ಸಂಖ್ಯೆಯ ನಿಜವಾದ ಸೊಗಸು ಬೇರೆ ಕಡೆ ಇದೆ.

ಮೂರು ತುಂಡುಗಳಿಂದ ನಾಲ್ಕು ಜೋಡಿ

17, 73, 461 ಮೂರನ್ನೂ ನಾಲ್ಕರಿಂದ ಭಾಗಿಸಿ ನೋಡಿ. ಮೂರಕ್ಕೂ ಶೇಷ 1. ಎಲ್ಲದಕ್ಕೂ ಬೀಗದ ಕೈ ಇದೇ. ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ರೀತಿಯಲ್ಲಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಇದನ್ನು ಬರೆದ. ಸಾಧಿಸಿ ತೋರಿಸಿದ್ದು ನೂರು ವರ್ಷದ ನಂತರ ಇನ್ನೊಬ್ಬ ಗಣಿತಜ್ಞ ಆಯ್ಲರ್. 3 ಉಳಿಯುವ ಅವಿಭಾಜ್ಯಕ್ಕೆ ಇದು ಎಂದಿಗೂ ಸಾಧ್ಯವಿಲ್ಲ.

ಚಿಕ್ಕ ಅವಿಭಾಜ್ಯಕ್ಕೆ ಜೋಡಿ ಹುಡುಕಲು ದೊಡ್ಡ ವರ್ಗದಿಂದ ಕಳೆಯುತ್ತಾ ಕೆಳಗಿಳಿಯಿರಿ. 461 − 441 = 20, ಆಗಲಿಲ್ಲ. 461 − 400 = 61, ಆಗಲಿಲ್ಲ. 461 − 361 = 100, ಆಯಿತು. ಹೀಗೆ 17 = 4² + 1², 73 = 8² + 3², 461 = 19² + 10².

ಇವನ್ನು ಗುಣಿಸುವ ಸೂತ್ರಕ್ಕೆ ಏಳನೇ ಶತಮಾನದ ಬ್ರಹ್ಮಗುಪ್ತನ ಹೆಸರಿದೆ. ಒಂದು ಜೋಡಿ (ಕ, ಖ), ಇನ್ನೊಂದು (ಗ, ಘ) ಆದರೆ ಗುಣಲಬ್ಧದ ಜೋಡಿಗಳು ಎರಡು:

(ಕಗ − ಖಘ) ಮತ್ತು (ಕಘ + ಖಗ)
(ಕಗ + ಖಘ) ಮತ್ತು (ಕಘ − ಖಗ)

(4, 1) ಮತ್ತು (8, 3) ಹಾಕಿದರೆ ಮೊದಲ ಸಾಲು 32 − 3 = 29 ಮತ್ತು 12 + 8 = 20 ಕೊಡುತ್ತದೆ; ಎರಡನೇ ಸಾಲು 35 ಮತ್ತು 4. ಎರಡೂ 17 × 73 = 1241ರ ಜೋಡಿಗಳು: 841 + 400, 1225 + 16. ಇನ್ನು (29, 20) ಅನ್ನು (19, 10) ಜೊತೆ ಸೇರಿಸಿದರೆ (351, 670) ಮತ್ತು (751, 90). (35, 4) ಅನ್ನು (19, 10) ಜೊತೆ ಸೇರಿಸಿದರೆ (625, 426) ಮತ್ತು (705, 274). ಪ್ರತಿ ಹಂತದಲ್ಲೂ ಒಂದು ಎರಡಾಗುತ್ತದೆ, ಅದಕ್ಕೇ ನಾಲ್ಕು.

ಚಿಹ್ನೆ ಅದಲುಬದಲಾಗುವುದು ಇಲ್ಲಿ ಸಾಮಾನ್ಯ ತಪ್ಪು. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಕೂಡಲೇಬೇಕು. ಎರಡೂ ಕಡೆ ಕಳೆದು 29 ಮತ್ತು 4 ಬರೆದರೆ 841 + 16 = 857 ಆಗುತ್ತದೆ. ಅಂಕಿ ಮೊತ್ತದಲ್ಲೇ ತಪ್ಪು ಸಿಕ್ಕಿಬೀಳುತ್ತದೆ: 1241ರದ್ದು 8, 857ರದ್ದು 20, ಮತ್ತೆ ಕೂಡಿದರೆ 2. ಪ್ರತಿ ಗುಣಾಕಾರದ ಪಕ್ಕದಲ್ಲೂ ಈ ಒಂದಂಕಿ ತಾಳೆಯನ್ನು ಬರೆದುಕೊಳ್ಳುವುದು ಒಳ್ಳೆಯ ರೂಢಿ.

ಒಂದು ಮಾತು. 625 ಎಂದರೆ 5ರ ನಾಲ್ಕನೇ ಘಾತ. ಹಾಗಾಗಿ ಮೂರನೇ ಜೋಡಿಯನ್ನು 5⁸ + 426² ಎಂದೂ ಬರೆಯಬಹುದು. ಇದಕ್ಕೆ ಆಳವಾದ ಕಾರಣವೇನೂ ಇಲ್ಲ, ಆದರೂ ಕಂಡಾಗ ಖುಷಿಯಾಗುತ್ತದೆ.

ಅಪವರ್ತನ ಗೊತ್ತಿಲ್ಲದೆಯೇ ಜೋಡಿ ಹುಡುಕುವುದು

ಮೇಲಿನ ದಾರಿಗೆ ತುಂಡುಗಳು ಮೊದಲೇ ಬೇಕು. ತುಂಡುಗಳೇ ಗೊತ್ತಿಲ್ಲದಿದ್ದಾಗ ಏನು ಮಾಡುವುದು? ಜೋಡಿಯಲ್ಲಿ ಒಂದು ಬೆಸ, ಒಂದು ಸಮ ಇರಲೇಬೇಕು, ಏಕೆಂದರೆ ಮೊತ್ತ ಬೆಸ. ಬೆಸ ಸಂಖ್ಯೆ 1ರಿಂದ 755ರವರೆಗೆ ಯಾವುದೂ ಆಗಿರಬಹುದು, ಒಟ್ಟು 378 ಉಮೇದುವಾರರು. ಒಂದೊಂದರ ವರ್ಗವನ್ನೂ ಕಳೆದು ವರ್ಗಮೂಲ ನೋಡುತ್ತಾ ಕೂತರೆ ದಿನವೇ ಹೋಗುತ್ತದೆ. ಬದಲಿಗೆ ಜರಡಿ ಹಿಡಿಯಬೇಕು. ನಾಲ್ಕು ಜರಡಿಯಲ್ಲಿ 378 ಇದ್ದದ್ದು 9ಕ್ಕೆ ಇಳಿಯುತ್ತದೆ.

ಮೊದಲ ಜರಡಿ 32ರದ್ದು. 572101 ಅನ್ನು 8ರಿಂದಲೂ 32ರಿಂದಲೂ ಭಾಗಿಸಿದರೆ 5 ಉಳಿಯುತ್ತದೆ. ಯಾವ ಬೆಸ ವರ್ಗವಾದರೂ 8ಕ್ಕೆ 1 ಉಳಿಸುತ್ತದೆ. ಆದ್ದರಿಂದ ಸಮ ವರ್ಗ 8ಕ್ಕೆ 4 ಉಳಿಸಬೇಕು, ಅಂದರೆ ಸಮ ಸಂಖ್ಯೆ ಒಂದು ಬೆಸದ ಎರಡರಷ್ಟು ಮಾತ್ರ ಆಗಿರಬಹುದು. ಅಂಥದರ ವರ್ಗ ಯಾವಾಗಲೂ 32ಕ್ಕೆ 4 ಉಳಿಸುತ್ತದೆ. ಐದರಲ್ಲಿ ನಾಲ್ಕು ಹೋದರೆ ಬೆಸ ವರ್ಗಕ್ಕೆ ಉಳಿದದ್ದು 1. ವರ್ಗ ಮಾಡಿದಾಗ 32ಕ್ಕೆ 1 ಉಳಿಸುವ ಬೆಸ ಸಂಖ್ಯೆಗಳು ಯಾವುವೆಂದರೆ 16ರ ಮಗ್ಗಿಯ ಅಕ್ಕಪಕ್ಕದವು ಮಾತ್ರ: 15, 17, 31, 33, 47, 49 ಹೀಗೆ.

ಎರಡನೆಯದು ಕೊನೆಯ ಅಂಕಿಗಳ ಜರಡಿ. ಮೊತ್ತ 1ರಲ್ಲಿ ಮುಗಿಯಬೇಕು. ಬೆಸ ವರ್ಗ 1, 5, 9ರಲ್ಲಿ ಮುಗಿಯುತ್ತದೆ, ಸಮ ವರ್ಗ 0, 4, 6ರಲ್ಲಿ. ಹೊಂದುವುದು ಎರಡೇ: 1 ಮತ್ತು 0, ಇಲ್ಲವೇ 5 ಮತ್ತು 6. ಸಮ ಸಂಖ್ಯೆ ಸೊನ್ನೆಯಲ್ಲಿ ಮುಗಿದರೆ ಅದರ ವರ್ಗ 00ಯಲ್ಲಿ ಮುಗಿಯುತ್ತದೆ, ಆಗ ಬೆಸ ವರ್ಗ 01ರಲ್ಲಿ ಮುಗಿಯಬೇಕು. ಅದಕ್ಕೆ ಬೆಸ ಸಂಖ್ಯೆಯ ಕೊನೆ 01, 49, 51 ಅಥವಾ 99 ಆಗಿರಬೇಕು. ಇಲ್ಲದಿದ್ದರೆ ಅದು 5ರಲ್ಲಿ ಮುಗಿಯಬೇಕು. 16ರ ಅಕ್ಕಪಕ್ಕದವುಗಳಲ್ಲಿ ಇದನ್ನು ದಾಟುವುದು 26:

1, 15, 49, 65, 95, 145, 175, 225, 255, 305, 335, 351, 385, 399, 401, 415, 449, 465, 495, 545, 575, 625, 655, 705, 735, 751

ಈ ಸಾಲು ಬರೆಯುವಾಗ 399 ಮತ್ತು 401 ಎರಡೂ ಬರುತ್ತವೆ ಎನ್ನುವುದನ್ನು ಮರೆಯಬೇಡಿ. 400ರ ಎರಡು ಪಕ್ಕವೂ ದಾಟುತ್ತವೆ. ಬೇಗ ಬೇಗ ಬರೆಯುವಾಗ ಬಿಟ್ಟುಹೋಗುವುದು ಹೆಚ್ಚಾಗಿ ಇದೇ.

ಮೂರನೆಯದು ಒಂಬತ್ತರ ಜರಡಿ. 572101ರ ಅಂಕಿ ಮೊತ್ತ 16, ಮತ್ತೆ ಕೂಡಿದರೆ 7. ವರ್ಗಗಳ ಒಂದಂಕಿ ಮೊತ್ತ 1, 4, 7, 9 ಮಾತ್ರ ಆಗಬಲ್ಲದು. ಇವುಗಳಲ್ಲಿ ಎರಡನ್ನು ಕೂಡಿ 7 ಬರಿಸಬೇಕೆಂದರೆ 9 ಮತ್ತು 7 ಬಿಟ್ಟರೆ ಬೇರೆ ದಾರಿ ಇಲ್ಲ. ಹಾಗಾಗಿ ನಮ್ಮ ಬೆಸ ಸಂಖ್ಯೆಯ ಒಂದಂಕಿ ಮೊತ್ತ 3, 4, 5, 6, 9ರಲ್ಲಿ ಒಂದಾಗಿರಬೇಕು. 65 (2 ಬರುತ್ತದೆ), 145 (1), 385 (7) ಇಂಥವನ್ನೆಲ್ಲ ಹೊಡೆದುಹಾಕಿದರೆ ಉಳಿಯುವುದು 16.

ಕೊನೆಯದು ಏಳರ ಜರಡಿ. 572101 ಅನ್ನು 7 ಭಾಗಿಸಿದರೆ 5 ಉಳಿಯುತ್ತದೆ. ವರ್ಗಗಳು 7ಕ್ಕೆ ಉಳಿಸುವುದು 0, 1, 2, 4 ಮಾತ್ರ. 5 ಬರಬೇಕಾದರೆ 1 ಮತ್ತು 4 ಸೇರಬೇಕು. ಅಂದರೆ ಬೆಸ ಸಂಖ್ಯೆ 7ಕ್ಕೆ 1, 2, 5, 6ರಲ್ಲಿ ಒಂದನ್ನು ಉಳಿಸಬೇಕು. 0, 3, 4 ಉಳಿಸುವ 49, 95, 175, 255, 399, 465, 735 ಹೋದವು. ನಿಂತದ್ದು ಒಂಬತ್ತು:

15, 225, 351, 401, 495, 545, 625, 705, 751

ಇನ್ನು ಪ್ರತಿಯೊಂದರ ವರ್ಗವನ್ನು 572101ರಿಂದ ಕಳೆದು ನೋಡುವುದಷ್ಟೇ. 401 ಹಾಕಿದರೆ 411300 ಉಳಿಯುತ್ತದೆ. ಕೊನೆಯ ಎರಡು ಸೊನ್ನೆ ತೆಗೆದರೆ 4113, ಅದು 3ರಲ್ಲಿ ಮುಗಿಯುವುದರಿಂದ ವರ್ಗವಲ್ಲ, ವರ್ಗಮೂಲ ತೆಗೆಯುವ ಕಷ್ಟವೇ ಬೇಡ. 495 ಹಾಕಿದರೆ 327076. ಇದು 572ರ ವರ್ಗ 327184ಕ್ಕೆ ಹತ್ತಿರ ಬಂದು ತಪ್ಪುತ್ತದೆ. ಕ್ಯಾಲ್ಕ್ಯುಲೇಟರ್ 571.9 ಎಂದು ತೋರಿಸಿದ್ದನ್ನು 572 ಎಂದು ದುಂಡಗೆ ಮಾಡಿಕೊಂಡು ಮೋಸ ಹೋಗುವ ಜಾಗ ಇದು. ವರ್ಗಮೂಲ ಸಿಕ್ಕಿತು ಅನ್ನಿಸಿದಾಗ ಅದನ್ನು ತಿರುಗಿ ವರ್ಗ ಮಾಡಿ ನೋಡಲೇಬೇಕು. 15, 225, 545 ಕೂಡ ಬಿದ್ದುಹೋಗುತ್ತವೆ. 351, 625, 705, 751 ನಿಲ್ಲುತ್ತವೆ: 448900 = 670², 181476 = 426², 75076 = 274², 8100 = 90². ಒಂಬತ್ತು ಪ್ರಯತ್ನಕ್ಕೆ ನಾಲ್ಕು ಫಲ.

ಜೋಡಿಯಿಂದ ಹಿಂದಕ್ಕೆ ಅಪವರ್ತನ

ಎರಡು ಜೋಡಿ ಸಿಕ್ಕರೆ ಸಾಕು, ಸಂಖ್ಯೆ ತಾನಾಗಿ ಒಡೆಯುತ್ತದೆ. ಇದು ಆಯ್ಲರ್ ಬಳಸಿದ ಕ್ರಮ; 1000009 ಅನ್ನು ಆತ ಹೀಗೇ 1000² + 3² = 972² + 235² ಎಂದು ಕಂಡು 293 × 3413 ಎಂದು ಒಡೆದ.

(751, 90) ಮತ್ತು (705, 274) ತೆಗೆದುಕೊಳ್ಳಿ. ಬೆಸದಿಂದ ಬೆಸ, ಸಮದಿಂದ ಸಮ ಕಳೆಯಿರಿ: 751 − 705 = 46, 274 − 90 = 184. ಇವುಗಳ ಮ.ಸಾ.ಅ. 46. ಅದರಿಂದ ಎರಡನ್ನೂ ಭಾಗಿಸಿದರೆ 1 ಮತ್ತು 4. ಅವುಗಳ ವರ್ಗಗಳನ್ನು ಕೂಡಿ: 1 + 16 = 17. ಮೊದಲ ಅಪವರ್ತನ ಕೈಗೆ ಬಂತು.

ಇನ್ನೊಂದು ತುಂಡಿಗೆ ಕೂಡಿ: 751 + 705 = 1456, 274 + 90 = 364, ಮ.ಸಾ.ಅ. 364. ಎರಡು ಮ.ಸಾ.ಅ.ಗಳ ಅರ್ಧ 23 ಮತ್ತು 182. ವರ್ಗ ಮಾಡಿ ಕೂಡಿದರೆ 529 + 33124 = 33653.

(751, 90) ಅನ್ನು (625, 426) ಜೊತೆ ಇಟ್ಟರೆ ವ್ಯತ್ಯಾಸಗಳು 126 ಮತ್ತು 336, ಮ.ಸಾ.ಅ. 42, ಭಾಗಿಸಿದರೆ 3 ಮತ್ತು 8, ವರ್ಗಗಳ ಮೊತ್ತ 73. (351, 670) ಜೊತೆ ಇಟ್ಟರೆ ವ್ಯತ್ಯಾಸಗಳು 400 ಮತ್ತು 580, ಮೊತ್ತಗಳು 1102 ಮತ್ತು 760, ಮ.ಸಾ.ಅ.ಗಳು 20 ಮತ್ತು 38, ಅವುಗಳ ಅರ್ಧ 10 ಮತ್ತು 19, ವರ್ಗಗಳ ಮೊತ್ತ 461. ಒಂದು ಜೋಡಿಯನ್ನು ಉಳಿದ ಮೂರರ ಜೊತೆ ಹೋಲಿಸಿದ್ದಕ್ಕೆ ಮೂರೂ ಅವಿಭಾಜ್ಯಗಳು ಒಂದೊಂದಾಗಿ ಹೊರಬಂದವು. ಮೊದಲು ಭಾಗಾಕಾರದಿಂದ ಬಂದ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ತಾಳೆ ಇಲ್ಲ, ಏಕೆಂದರೆ ಈ ದಾರಿಯಲ್ಲಿ 17ರಿಂದಾಗಲಿ 73ರಿಂದಾಗಲಿ ಎಲ್ಲೂ ಭಾಗಿಸಿಲ್ಲ. ಬೆಸದಿಂದ ಸಮವನ್ನು ಕಳೆದರೆ ಮಾತ್ರ ಲೆಕ್ಕ ಕೆಡುತ್ತದೆ. ಅರ್ಧ ಮಾಡುವಾಗ ಪೂರ್ಣ ಸಂಖ್ಯೆ ಬರದಿದ್ದರೆ ತಪ್ಪು ಅಲ್ಲೇ ಆಗಿದೆ ಎಂದು ತಿಳಿಯಿರಿ.

ಕೋಲಾರ ಮತ್ತು ಚಿಕ್ಕಬಳ್ಳಾಪುರ

563101ಕ್ಕೆ 1001ರ ಪರೀಕ್ಷೆ ಮಾಡಿ: 563 − 101 = 462. ಇದು 7ಕ್ಕೂ ಹೋಗುತ್ತದೆ, 11ಕ್ಕೂ ಹೋಗುತ್ತದೆ. 77ರಿಂದ ಭಾಗಿಸಿದರೆ 7313 ಬರುತ್ತದೆ. ಇದಕ್ಕೆ 13, 17, 19 ಎಂದು ಹೋಗದೆ ಫರ್ಮಾನ ಇನ್ನೊಂದು ಉಪಾಯ ಬಳಸಿ. 7313ಕ್ಕಿಂತ ಮೇಲಿನ ವರ್ಗಗಳಿಂದ ಇದನ್ನು ಕಳೆಯಿರಿ: 86² − 7313 = 83, ವರ್ಗವಲ್ಲ. 87² − 7313 = 256, ಅದು 16². ಆದ್ದರಿಂದ 7313 = (87 − 16)(87 + 16) = 71 × 103. ಎರಡೇ ಪ್ರಯತ್ನ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದಾಗ ಈ ಉಪಾಯ ತುಂಬ ಬೇಗ ಕೆಲಸ ಮಾಡುತ್ತದೆ. ದೂರ ಇದ್ದರೆ ತುಂಬ ಸಲ ಕಳೆಯಬೇಕಾಗುತ್ತದೆ; ಉದಾಹರಣೆಗೆ 572101ಕ್ಕೆ 461 × 1241 ಸಿಗುವ ಹೊತ್ತಿಗೆ 95 ಪ್ರಯತ್ನವಾಗುತ್ತದೆ. ಅಲ್ಲಿ ಇದನ್ನು ಹಿಡಿಯಬೇಡಿ.

563101 = 7 × 11 × 71 × 103

ನಾಲ್ಕರಿಂದ ಭಾಗಿಸಿ ನೋಡಿದರೆ 7, 11, 71, 103 ನಾಲ್ಕೂ 3 ಉಳಿಸುತ್ತವೆ. ತುಮಕೂರಿನದ್ದರಲ್ಲಿ ಎಲ್ಲವೂ 1 ಉಳಿಸುವವು, ಕೋಲಾರದ್ದರಲ್ಲಿ ಎಲ್ಲವೂ 3 ಉಳಿಸುವವು. 3ನ್ನು ಸಮ ಸಲ ಗುಣಿಸಿದರೆ ನಾಲ್ಕಕ್ಕೆ ಮತ್ತೆ 1 ಉಳಿಯುವುದರಿಂದ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ.

ಇದಕ್ಕೆ ಜೋಡಿ ಏಕೆ ಇಲ್ಲ ಎನ್ನುವುದನ್ನು 7 ಒಂದರಿಂದಲೇ ತೋರಿಸಬಹುದು. ವರ್ಗಗಳು 7ಕ್ಕೆ ಉಳಿಸುವುದು 0, 1, 2, 4. ಇವುಗಳಲ್ಲಿ ಯಾವ ಎರಡನ್ನು ಕೂಡಿದರೆ 7ಕ್ಕೆ ನಿಶ್ಶೇಷವಾಗುತ್ತದೆ? 1 + 1, 1 + 2, 1 + 4, 2 + 2, 2 + 4, 4 + 4 ಎಲ್ಲ ಮಾಡಿ ನೋಡಿ: 2, 3, 5, 4, 6, 8. ಯಾವುದೂ ಆಗದು. 0 + 0 ಮಾತ್ರ ಆಗುತ್ತದೆ. ಅಂದರೆ ಜೋಡಿಯ ಎರಡೂ ಸಂಖ್ಯೆ 7ರ ಮಗ್ಗಿಯಲ್ಲಿರಬೇಕು, ಆಗ ವರ್ಗಗಳ ಮೊತ್ತ 49ಕ್ಕೆ ಭಾಗವಾಗಬೇಕು. 563101ರಲ್ಲಿ 7 ಒಂದೇ ಸಲ ಇದೆ. ಅಲ್ಲಿಗೆ ಮುಗಿಯಿತು.

ಚಿಕ್ಕಬಳ್ಳಾಪುರದ 562101ಕ್ಕೆ ಇಷ್ಟೂ ಬೇಕಿಲ್ಲ. ಅಂಕಿ ಮೊತ್ತ 15, ಮೂರಕ್ಕೆ ಹೋಗುತ್ತದೆ, ಒಂಬತ್ತಕ್ಕೆ ಹೋಗುವುದಿಲ್ಲ. 3 ಕೂಡ ನಾಲ್ಕಕ್ಕೆ 3 ಉಳಿಸುವ ಅವಿಭಾಜ್ಯ, ಒಂದೇ ಸಲ ಇದೆ, ಆದ್ದರಿಂದ ಜೋಡಿ ಇಲ್ಲ. ಉಳಿದ ತುಂಡು 187367 ಅವಿಭಾಜ್ಯ. ಅದನ್ನು ಖಚಿತ ಮಾಡಲು ಮಾತ್ರ 432ರೊಳಗಿನ 83 ಅವಿಭಾಜ್ಯಗಳನ್ನೂ ತಾಳ್ಮೆಯಿಂದ ದಾಟಬೇಕು, ಅಡ್ಡದಾರಿ ಇಲ್ಲ.

ಲಂಬಕೋನ ತ್ರಿಭುಜಗಳು

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ, ಎರಡು ಸಂಖ್ಯೆಗಳನ್ನು ಬೀಜ ಎಂದು ಕರೆದು ಅವುಗಳಿಂದ ಹುಟ್ಟುವ ಆಕೃತಿಯನ್ನು ಜನ್ಯ ಎಂದ. ವರ್ಗಗಳ ವ್ಯತ್ಯಾಸ ಒಂದು ಭುಜ, ಗುಣಲಬ್ಧದ ಎರಡರಷ್ಟು ಇನ್ನೊಂದು ಭುಜ, ವರ್ಗಗಳ ಮೊತ್ತ ವಿಕರ್ಣ. 751 ಮತ್ತು 90 ಬೀಜವಾದರೆ ಭುಜಗಳು 555901 ಮತ್ತು 135180, ವಿಕರ್ಣ 572101. ಉಳಿದ ಮೂರು ಜೋಡಿಗಳಿಂದ (421949, 386340), (209149, 532500), (325699, 470340).

ತಾಳೆ ನೋಡಲು ಆರಂಕಿಯ ವರ್ಗ ಮಾಡಹೋದರೆ ಎಂಟು ಅಂಕಿಯ ಯಂತ್ರ ಕೈಕೊಡುತ್ತದೆ. ವಿಕರ್ಣದಿಂದ ಭುಜ ಕಳೆಯಿರಿ: 572101 − 555901 = 16200, ಅದು 90²ರ ಎರಡರಷ್ಟು. ಕೂಡಿ: 1128002, ಅದು 751²ರ ಎರಡರಷ್ಟು. ಎರಡೂ ಹೀಗೆ ಬಂದರೆ ಇನ್ನೊಂದು ಭುಜ 2 × 751 × 90 ಆಗಲೇಬೇಕು. 572101 ವಿಕರ್ಣವಾಗಿರುವ ಪೂರ್ಣಾಂಕ ತ್ರಿಭುಜಗಳು ಒಟ್ಟು 13. ಈ ನಾಲ್ಕನ್ನು ಬಿಟ್ಟರೆ ಉಳಿದ ಒಂಬತ್ತು, 8-15-17ರಂಥ ಚಿಕ್ಕ ತ್ರಿಭುಜಗಳನ್ನು ಹಿಗ್ಗಿಸಿದವು. ಉದಾಹರಣೆಗೆ 269224, 504795, 572101.

ಮುಂದೆ ಅಭ್ಯಾಸಕ್ಕೆ ಚಿಂತಾಮಣಿ

ಚಿಂತಾಮಣಿಯ ಪಿನ್ ಕೋಡ್ 563125. ತಾಲ್ಲೂಕು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಕೋಡಿನಲ್ಲಿ ಹಳೆಯ ಕೋಲಾರದ 563 ಹಾಗೇ ಉಳಿದಿದೆ. ಇದು 5⁴ × 17 × 53. ಎಲ್ಲವೂ 1 ಉಳಿಸುವ ಅವಿಭಾಜ್ಯಗಳೇ, ಆದರೆ 5 ನಾಲ್ಕು ಸಲ ಇದೆ, ಹಾಗಾಗಿ ಕೈ ಸ್ವಲ್ಪ ಬದಲಿಸಬೇಕು. ಈ ಬಾರಿ ಜೋಡಿಯ ಎರಡೂ ಸಂಖ್ಯೆ 5ರ ಮಗ್ಗಿಯಲ್ಲಿರಬಹುದು. ಅಂಥವನ್ನು ಬಿಟ್ಟುಬಿಟ್ಟರೆ ಎಣಿಕೆ ಕಡಿಮೆಯಾಗುತ್ತದೆ.

625ಕ್ಕೆ ಮೂರು ಜೋಡಿ: (25, 0), (24, 7), (20, 15). 17 × 53 = 901ಕ್ಕೆ ಎರಡು: (30, 1), (26, 15). ಮೊದಲ ಗುಂಪಿನ ಒಂದೊಂದನ್ನೂ ಎರಡನೇ ಗುಂಪಿನ ಒಂದೊಂದರ ಜೊತೆ ಬ್ರಹ್ಮಗುಪ್ತನ ಸೂತ್ರಕ್ಕೆ ಹಾಕಿ. (25, 0) ಬಂದಲ್ಲಿ ಕೂಡಿದರೂ ಕಳೆದರೂ ಒಂದೇ ಉತ್ತರ, ಆದ್ದರಿಂದ ಅಲ್ಲಿ ಎರಡೇ ಜೋಡಿ: (750, 25) ಮತ್ತು (650, 375). ಉಳಿದ ಎರಡರಿಂದ ನಾಲ್ಕು ನಾಲ್ಕು. ಒಟ್ಟು ಹತ್ತು. (24, 7) ಮತ್ತು (30, 1) ಸೇರಿಸಿದಾಗ ಕಳೆಯುವ ಸಾಲಿನಲ್ಲಿ 720 − 7 = 713 ಮತ್ತು 24 + 210 = 234 ಬರುತ್ತದೆ; 508369 + 54756 = 563125. (20, 15) ಮತ್ತು (30, 1) ಸೇರಿಸಿದಾಗ ಅದೇ ಸಾಲಿನಲ್ಲಿ (585, 470), ಕೂಡುವ ಸಾಲಿನಲ್ಲಿ (615, 430). ಇನ್ನು ಐದು ಉಳಿದಿವೆ.